ಎರಡು ಜಡೆ ಕೂಡುವುದಿಲ್ಲವಂತೆ!

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಅದರ ಬೆನ್ನಿಗೇ ಮೊಬೈಲಿನಿಂದ ಮೊಬೈಲಿಗೆ ಹೊಸದೊಂದು ಮನರಂಜನೆ ಹರಿದಾಡತೊಡಗಿತು: ಸೀಟಿಗಾಗಿ ಒಬ್ಬರ ಜುಟ್ಟು ಒಬ್ಬರು ಹಿಡಿದ ಹೆಂಗಸರ ವಿಡಿಯೊ. ಅದರ ಕೆಳಗೆ ಒಕ್ಕಣೆ ಬರೆಯಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಅಜ್ಜನ ಕಾಲದಿಂದ ಅದು ಸಿದ್ಧವಾಗಿಯೇ ಇತ್ತು: ಎರಡು ಜಡೆ ಕೂಡುವುದಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ಗಂಡಸರದ್ದು. ಆ ಟವೆಲಿಗಾಗಿ ಕೈಕೈ ಮಿಲಾಯಿಸಿದ್ದೂ ಉಂಟು. ಆದರೆ ಆ ಜಗಳದಿಂದ ಗಾದೆ ಹುಟ್ಟಲಿಲ್ಲ. ಅದು ಆ ಇಬ್ಬರ ಜಗಳವಾಗಿ ಮುಗಿಯಿತು. ಹೆಂಗಸರಿಬ್ಬರ ಜಗಳ ಮಾತ್ರ ಹೆಣ್ಣುಕುಲದ್ದೇ ಆಯಿತು.

'ಹೆಣ್ಣಿಗೆ ಹೆಣ್ಣೇ ಶತ್ರು' ಎನ್ನುವುದು ಇದೇ ಗಾದೆಯ ಓದಿದವರ ರೂಪ. ಭಾಷಣಕಾರರು, ಧಾರಾವಾಹಿ ಬರೆಯುವವರು, ಕೌಟುಂಬಿಕ ಸಲಹೆ ಕೊಡುವವರು ಎಲ್ಲರೂ ಇದನ್ನು ಬಳಸುತ್ತಾರೆ. ಹೆಂಗಸರೂ ಬಳಸುತ್ತಾರೆ, ಅದನ್ನೇ ದೊಡ್ಡ ಸಾಕ್ಷಿ ಎಂದು ತೋರಿಸುವವರಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರಲ್ಲ, ಆ ಗಾದೆಯನ್ನು ಕಟ್ಟಿದವರೂ ಗಾದೆ ಕಟ್ಟುವವರೇ ಎಂಬುದನ್ನು ಮರೆಯುತ್ತಾರೆ. ನನ್ನ ವಾದ ಇಷ್ಟೇ: ಎರಡು ಜಡೆ ಕೂಡುತ್ತವೆ. ದುಡಿದು ತಿನ್ನುವ ಹೆಂಗಸರ ಬದುಕು ನಡೆಯುವುದೇ ಆ ಕೂಡಿಕೆಯಿಂದ. ಅದು ಮುರಿದ ಕಡೆಗಳಲ್ಲಿ ಮುರಿದ ಕೈ ಯಾರದೆಂದು ಹುಡುಕಿದರೆ, ಜಗಳವಾಡಿದ ಇಬ್ಬರಿಗಿಂತ ಆಚೆ ನಿಂತವರೇ ಹೆಚ್ಚಾಗಿ ಸಿಗುತ್ತಾರೆ.

ಈ ವಾದಕ್ಕೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯನ್ನೇ ಆರಿಸಿಕೊಂಡಿದ್ದೇನೆ. ಕಾರಣ, ಹೆಂಗಸರ ಜಗಳಕ್ಕೆ ಇಡೀ ಕನ್ನಡ ನಾಡು ಇಟ್ಟುಕೊಂಡಿರುವ ಹೋಲಿಕೆ ಇಲ್ಲಿಯದು. ತರಗತಿಯಲ್ಲಿ ಮಕ್ಕಳು ಗದ್ದಲ ಮಾಡಿದರೆ ಮಾಸ್ತರರು 'ಇದೇನು ಮೀನು ಮಾರ್ಕೆಟ್ಟಾ?' ಎಂದು ಗದರುತ್ತಾರೆ. ಸಭೆ ಕೆಟ್ಟರೆ ಮರುದಿನದ ಪತ್ರಿಕೆಯಲ್ಲೂ ಅದೇ ಮಾತು. ಹಾಗಾದರೆ ಮೀನು ಮಾರ್ಕೆಟ್ಟಿಗೇ ಹೋಗೋಣ.

ಭಟ್ಕಳದ ಮಾವಿನಕುರ್ವೆ, ಹೊನ್ನಾವರದ ಕಾಸರಕೋಡು, ಕುಮಟಾ ತಾಲ್ಲೂಕಿನ ತದಡಿ, ಯಾವ ಬಂದರಾದರೂ ಸರಿ. ಬೋಟು ಬಂದು ಮೀನು ದಕ್ಕೆಗೆ ಬಿದ್ದ ಕೂಡಲೇ ಹರಾಜು ಶುರು. ಅಲ್ಲಿ ಮೀನು ರಾಶಿಲೆಕ್ಕದಲ್ಲಿ, ಬುಟ್ಟಿಲೆಕ್ಕದಲ್ಲಿ ಹೋಗುತ್ತದೆ. ತಲೆಹೊರೆಯಲ್ಲಿ ಮಾರುವ ಹೆಂಗಸಿನ ಸೊಂಟದ ಚೀಲದಲ್ಲಿ ಒಂದು ರಾಶಿಗೆ ಸಾಲುವಷ್ಟು ದುಡ್ಡು ಹೆಚ್ಚಿನ ದಿನ ಇರುವುದಿಲ್ಲ. ಲಾರಿಗೆ ತುಂಬಿಸುವ ದೊಡ್ಡ ವ್ಯಾಪಾರಿಯ ಎದುರು ಒಂಟಿಯಾಗಿ ಕೂಗಿದರೆ ಅವಳಿಗೆ ಸಿಗುವುದು ತಳದ ಪುಡಿಮೀನು. ಅದಕ್ಕೇ ಇಬ್ಬರು ಸೇರುತ್ತಾರೆ. ಒಬ್ಬಳು ಬೆಲೆ ಕೂಗುತ್ತಾಳೆ, ಇನ್ನೊಬ್ಬಳು ಪಕ್ಕದಲ್ಲಿ ನಿಂತು ಮೀನಿನ ಕಿವಿರು ಎತ್ತಿ ನೋಡಿ, ಕೆಂಪಗಿದೆಯೋ ಮಾಸಿದೆಯೋ ಎಂದು ಕಣ್ಣಲ್ಲೇ ಹೇಳುತ್ತಾಳೆ. ರಾಶಿ ಕೈಗೆ ಬಂದಮೇಲೆ ಪಾಲು. ಬಂಗಡೆಯ ಒಂದು ರಾಶಿಯನ್ನು ಇಬ್ಬರು ಪಾಲು ಮಾಡುವುದನ್ನು ನಿಂತು ನೋಡಬೇಕು. ಒಬ್ಬಳು ಕುಕ್ಕರುಗಾಲಲ್ಲಿ ಕೂತು ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು ಎಂದು ಜೋಡಿಸುತ್ತ ಎರಡು ಗುಪ್ಪೆ ಮಾಡುತ್ತಾಳೆ. ಹೊಟ್ಟೆ ಒಡೆದವನ್ನು ಬೇರೆ ಇಡುತ್ತಾಳೆ, ಅದರಲ್ಲೂ ಸಮಪಾಲು. ಆಮೇಲೆ ಗುಪ್ಪೆ ಮಾಡಿದವಳು ಕೈ ತೊಳೆದುಕೊಂಡು ಹಿಂದೆ ಸರಿಯುತ್ತಾಳೆ: 'ನೀ ಮೊದ್ಲು ತಗಳೇ ಮಾರಾಯ್ತಿ.' ಪಾಲು ಹಾಕಿದವಳಿಗೆ ಉಳಿದದ್ದು. ಅಣ್ಣತಮ್ಮಂದಿರ ಪಾಲುಪಟ್ಟಿಗೆ ವಕೀಲರು, ಸರ್ವೆಯವರು, ಪಂಚರು, ಕೊನೆಗೆ ನ್ಯಾಯಾಲಯ ಬೇಕಾಗುವ ಊರಿನಲ್ಲೇ ಎರಡು ಜಡೆಗಳು ದಿನಕ್ಕೊಂದು ಪಾಲನ್ನು ಹೀಗೆ ಮುಗಿಸಿ ಎದ್ದು ಹೋಗುತ್ತವೆ.

ಆಮೇಲಿನ ಕೂಗಾಟವನ್ನೇ ನಾವು ಜಗಳ ಎಂದುಕೊಂಡದ್ದು. ಅದು ವ್ಯಾಪಾರದ ದನಿ. ಐಸು ಕರಗುತ್ತಿದೆ, ಬಿಸಿಲೇರುತ್ತಿದೆ, ಮಧ್ಯಾಹ್ನದೊಳಗೆ ಬುಟ್ಟಿ ಖಾಲಿಯಾಗದಿದ್ದರೆ ದಿನದ ದುಡಿಮೆ ಹೋಯಿತು. ಅಂಥಲ್ಲಿ ಪಿಸುಗುಟ್ಟಿ ಮಾರಲಾಗುವುದಿಲ್ಲ. ಗಿರಾಕಿಗಾಗಿ ಪೈಪೋಟಿಯೂ ಉಂಟು, ಬೈಗುಳವೂ ಉಂಟು. ಆದರೆ ಒಬ್ಬಳು ಚಾ ಕುಡಿಯಲು ಎದ್ದರೆ ಅವಳ ಬುಟ್ಟಿಯ ಮೀನು ಮಾರಿ ದುಡ್ಡನ್ನು ಅವಳ ಬುಟ್ಟಿಯ ಅಡಿಗೇ ಇಡುವವಳು ಆಗಷ್ಟೇ ಬೈದವಳು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುವ ಹೆಂಗಸರನ್ನೂ ನೋಡಿ. ನೀರು ಇಳಿದಾಗ ಇಳಿಯಬೇಕು, ಏರುವ ಮೊದಲು ಹತ್ತಬೇಕು. ಕೆಸರಿನಲ್ಲಿ ಸೊಂಟ ಬಗ್ಗಿಸಿದವಳಿಗೆ ನೀರು ತಿರುಗಿದ್ದು ಗೊತ್ತಾಗದೆ ಹೋದೀತು. ಆಚೆಯಿಂದ ಕೂಗಿ ಕರೆಯುವ ಒಂದು ದನಿ ಬೇಕು. ಈ ಅಳಿವೆ 2024ರ ಜನವರಿಯಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿ, ಕಾಂಡ್ಲಾ, ಚಿಪ್ಪುಜೀವಿಗಳ ಬಗ್ಗೆ ಬರೆದ ನಾವು, ಆ ಕೂಗುವ ದನಿಯನ್ನು ಎಲ್ಲೂ ದಾಖಲಿಸಲಿಲ್ಲ.

ಇಲ್ಲಿ ಎದುರಾಳಿಗಳ ಜಾಣ ವಾದವೊಂದಿದೆ. 'ಇದು ಸ್ನೇಹವಲ್ಲ, ಅಗತ್ಯ. ಹೊಟ್ಟೆಪಾಡಿಗೆ ಜೊತೆಯಾಗುತ್ತಾರೆ. ಸ್ನೇಹ ಎಂದರೆ ನಿಸ್ವಾರ್ಥವಾದದ್ದು.' ಒಳ್ಳೆಯದು, ಹೆಸರಾದ ಸ್ನೇಹಗಳನ್ನೇ ತೂಗಿ ನೋಡೋಣ. ಹೊನ್ನಾವರ ಯಕ್ಷಗಾನದ ತವರುಗಳಲ್ಲಿ ಒಂದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳ ಕಟ್ಟಿದ್ದು ಇಲ್ಲಿ, ಯಕ್ಷಗಾನ ಕಲಾವಿದ ಚಿಟ್ಟಾಣಿ ಕುಣಿದದ್ದು ಇಲ್ಲಿ. ಈ ಸೀಮೆಯ ತಾಳಮದ್ದಳೆಗಳಲ್ಲಿ ರಾತ್ರಿಯಿಡೀ ಹೊಗಳಿಸಿಕೊಂಡ ಸ್ನೇಹ ಯಾವುದು? ಕರ್ಣ-ದುರ್ಯೋಧನರದ್ದು. ಅದು ಶುರುವಾದದ್ದು ಹೇಗೆ? ರಂಗಸ್ಥಳದಲ್ಲಿ ಅವಮಾನಕ್ಕೊಳಗಾದವನಿಗೆ ಅಂಗರಾಜ್ಯ ಕೊಟ್ಟು. ಕೊಟ್ಟವನಿಗೆ ಅರ್ಜುನನಿಗೆ ಸರಿಗಟ್ಟುವ ಬಿಲ್ಲುಗಾರ ಬೇಕಿತ್ತು, ಪಡೆದವನಿಗೆ ಮಾನ ಬೇಕಿತ್ತು. ಅಗತ್ಯಕ್ಕಿಂತ ದೊಡ್ಡ ಅಗತ್ಯ! ಕೃಷ್ಣನಲ್ಲಿಗೆ ಹೊರಟ ಸುದಾಮನ ಮನೆಯಲ್ಲಿ ಮಕ್ಕಳಿಗೆ ಅನ್ನವಿರಲಿಲ್ಲ. ಆದರೂ ಅವು ಸ್ನೇಹದ ಮೇರು. ರಾಜ್ಯ ಕೊಟ್ಟು ಕೊಂಡರೆ ಸ್ನೇಹ, ಐನೂರು ರೂಪಾಯಿ ಕೈಗಡ ಕೊಟ್ಟು ಕೊಂಡರೆ ಅಗತ್ಯ. ಈ ತಕ್ಕಡಿಗೆ ಮೀನು ಮಾರುವವಳೂ ಒಪ್ಪಲಾರಳು. ಅಗತ್ಯ ಸ್ನೇಹವನ್ನು ಸಣ್ಣದು ಮಾಡುವುದಿಲ್ಲ. ಕೈಯಲ್ಲಿ ಏನೂ ಇಲ್ಲದ ದಿನ ಇನ್ನೊಬ್ಬಳ ಮಗುವಿನ ಔಷಧಿಗೆಂದು ಬುಟ್ಟಿಯ ಬಂಡವಾಳ ತೆಗೆದುಕೊಟ್ಟವಳ ಕೈ ದುರ್ಯೋಧನನ ಕೈಗಿಂತ ದೊಡ್ಡದೇ. ಅವನು ಕೊಟ್ಟ ಮೇಲೂ ಅವನ ಭಂಡಾರ ತುಂಬಿತ್ತು.

ಪುರಾಣದಿಂದಲೇ ಇನ್ನೊಂದು ಸಾಕ್ಷಿ ತರುತ್ತಾರೆ: ದೇವಯಾನಿ, ಶರ್ಮಿಷ್ಠೆ. ಗೆಳತಿಯರಾಗಿದ್ದರು, ಸೀರೆ ಅದಲುಬದಲಾದದ್ದಕ್ಕೆ ಜಗಳವಾಡಿದರು, ಒಬ್ಬಳು ಇನ್ನೊಬ್ಬಳನ್ನು ಬಾವಿಗೆ ತಳ್ಳಿದಳು, ಕೊನೆಗೆ ಒಬ್ಬಳು ಇನ್ನೊಬ್ಬಳಿಗೆ ದಾಸಿಯಾದಳು, ಒಬ್ಬನೇ ಗಂಡಸಿನ ಸುತ್ತ ಸವತಿಯರಾದರು. ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೇ? ಬೇಕು, ಯಾಕೆಂದರೆ ಕತೆಯನ್ನು ಅರ್ಧ ಮಾತ್ರ ಹೇಳಲಾಗಿದೆ. ನೀರಿನ ದಂಡೆಯ ಜಗಳದಲ್ಲಿ ಹುಡುಗಿಯರ ಬಾಯಿಂದ ಬಂದ ಮಾತು ಏನು? ನನ್ನಪ್ಪ ದೊಡ್ಡವನೋ ನಿನ್ನಪ್ಪ ದೊಡ್ಡವನೋ ಎಂಬುದು. ಬಾವಿಗೆ ತಳ್ಳಿದ್ದು ತಪ್ಪು, ಅದಕ್ಕೆ ಶಿಕ್ಷೆಯೂ ಇರಲಿ. ಆದರೆ ಅದು ಜನ್ಮವಿಡೀ ದಾಸ್ಯವಾದದ್ದು ಹೇಗೆ? ಶರ್ಮಿಷ್ಠೆಯ ಅಪ್ಪ, ದಾನವರ ಅರಸ ವೃಷಪರ್ವನಿಗೆ ದೇವಯಾನಿಯ ಅಪ್ಪ ಶುಕ್ರಾಚಾರ್ಯರ ಸಂಜೀವಿನಿ ವಿದ್ಯೆ ಬೇಕಿತ್ತು. ಯುದ್ಧದಲ್ಲಿ ಸತ್ತ ದಾನವರನ್ನು ಎಬ್ಬಿಸುವವರು ಬೇರೆ ಯಾರೂ ಇರಲಿಲ್ಲ. ಗುರುವನ್ನು ಉಳಿಸಿಕೊಳ್ಳಲು ಅರಸ ಮಗಳನ್ನೇ ಕೊಟ್ಟ. ಎರಡು ಜಡೆಗಳ ಜಗಳದಲ್ಲಿ ಯುದ್ಧದ ಲೆಕ್ಕ ಚುಕ್ತಾ ಆಯಿತು. ಅಪ್ಪಂದಿರ ಈ ವ್ಯವಹಾರಕ್ಕೆ ರಾಜನೀತಿ ಎಂಬ ಮರ್ಯಾದೆಯ ಹೆಸರು ಸಿಕ್ಕಿತು, ಮಕ್ಕಳ ಪಾಲಿಗೆ ಗಾದೆ ಉಳಿಯಿತು.

ಇದೇ ಕರಾವಳಿಯ ಈ ಕಾಲದ ಕತೆಗೆ ಬರುತ್ತೇನೆ. ಹೆಂಗಸರಿಬ್ಬರ ಸ್ನೇಹದ ಬಗ್ಗೆ ಕನ್ನಡದಲ್ಲಿ ಬಂದ ಬಲವಾದ ಕೃತಿಗಳಲ್ಲಿ ಒಂದು ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸು'. ಕುಂದಾಪುರದ ವೈದೇಹಿಯವರ ಕತೆಯ ಎಳೆ ಹಿಡಿದು ಮಾಡಿದ ಸಿನಿಮಾ. ಭಟ್ಕಳದಿಂದ ತಾಸೊಪ್ಪತ್ತಿನ ದಾರಿಯ ಕುಂದಾಪುರ ಸೀಮೆಯೇ ಅದರ ನೆಲ. ಕತೆಯಲ್ಲಿದ್ದ ಟಾಕೀಸು ಸಿನಿಮಾದಲ್ಲಿ ಟಿ.ವಿ. ಆಯಿತು, ಕಾಲ ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿಯಿತು. ಗುಲಾಬಿಯಾಗಿ ನಟಿಸಿದ ಉಮಾಶ್ರೀಯವರಿಗೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟಿ ಗೌರವ ಸಿಕ್ಕಿತು. ಗುಲಾಬಿ ಹೆರಿಗೆ ಮಾಡಿಸುವ ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚಿನವಳು. ಗಂಡ ಮೂಸಾ ಇನ್ನೊಂದು ಸಂಸಾರ ಮಾಡಿಕೊಂಡು ದೂರವಾಗಿದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಡಿಶ್ ಸಮೇತ ಟಿ.ವಿ. ಅವಳ ಗುಡಿಸಲಿಗೆ ಬರುತ್ತದೆ. ಮೀನುಗಾರರ ಕೇರಿಯ ಹೆಂಗಸರು ಬರತೊಡಗುತ್ತಾರೆ. ಮುಸ್ಲಿಂ ಮನೆಯೆಂದು ಒಳಗೆ ಕಾಲಿಡಲೊಲ್ಲದವರು ಹೊರಗೇ ನಿಂತು ನೋಡುತ್ತಾರೆ. ಒಳಗೆ ಬಂದವರಲ್ಲಿ ಒಬ್ಬಳು ನೇತ್ರು, ಎಂ.ಡಿ. ಪಲ್ಲವಿ ಮಾಡಿದ ಪಾತ್ರ. ಗಂಡ ಹತ್ತಿರವಿಲ್ಲ, ಮನೆಯಲ್ಲಿ ಅತ್ತೆಯ ಹಿಡಿತ. ಇವರಿಬ್ಬರೂ ಹತ್ತಿರವಾಗುತ್ತಾರೆ. ಒಂದು ದಿನ ನೇತ್ರು ಕಾಣೆಯಾಗುತ್ತಾಳೆ. ಊರು ಗುಲಾಬಿಯ ಕಡೆ ಬೆರಳು ಮಾಡುತ್ತದೆ. ಕೊನೆಗೆ ಗುಲಾಬಿಯನ್ನು ಊರು ಬಿಡಿಸಲಾಗುತ್ತದೆ.

ಈ ಸಿನಿಮಾದ ಬಗ್ಗೆ ಮಾತಾಡುವವರು ಜಾಗತೀಕರಣದ ಬಗ್ಗೆ ಮಾತಾಡುತ್ತಾರೆ, ಕೋಮುವಾದದ ಬಗ್ಗೆ, ಟಿ.ವಿ.ಯ ಬಗ್ಗೆ, ದೊಡ್ಡ ಬೋಟುಗಳಿಂದ ಸಣ್ಣ ಮೀನುಗಾರ ನಲುಗಿದ ಬಗ್ಗೆ ಮಾತಾಡುತ್ತಾರೆ. ಅವೆಲ್ಲವೂ ಅಲ್ಲಿವೆ. ಆದರೆ ಅವನ್ನೆಲ್ಲ ಹೊತ್ತು ನಿಂತದ್ದು ಗುಲಾಬಿ-ನೇತ್ರು ಸ್ನೇಹ ಎಂಬುದನ್ನು ಒತ್ತಿ ಹೇಳುವವರು ಕಡಿಮೆ. ಅದನ್ನು ಹಿನ್ನೆಲೆ ಎಂದುಕೊಂಡವರೇ ಹೆಚ್ಚು. ಇನ್ನು ಕೆಲವರ ಪ್ರಕಾರ ಅದು 'ನಂಬಿಸಿ ಕೈಕೊಟ್ಟ ಗೆಳತಿ'ಯ ಕತೆ, ಅಂದರೆ ಮತ್ತೆ ಅದೇ ಗಾದೆ. ಸಿನಿಮಾವನ್ನು ಸರಿಯಾಗಿ ನೋಡಿ. ಆ ಕೇರಿಯಲ್ಲಿ ಧರ್ಮದ ಗೆರೆ ದಾಟಿ ಗುಡಿಸಲಿನೊಳಗೆ ಕೂತು ಮನಸ್ಸು ಬಿಚ್ಚಿ ಮಾತಾಡಿದವರು ಯಾರು? ಈ ಇಬ್ಬರು. ದೂರದಲ್ಲಿ ನಡೆಯುತ್ತಿದ್ದ ಯುದ್ಧವನ್ನು ಕೇರಿಯೊಳಗೆ ತಂದವರು, ಬೋಟಿನ ವ್ಯವಹಾರದ ಹಗೆಯನ್ನು ಧರ್ಮದ ಹಗೆ ಮಾಡಿದವರು ಗಂಡಸರು. ನೇತ್ರು ಹೊರಟುಹೋದದ್ದು ಗುಲಾಬಿಯನ್ನು ಬಿಟ್ಟು ಅಲ್ಲ, ತನ್ನನ್ನು ಉಸಿರುಗಟ್ಟಿಸಿದ ಮನೆಯನ್ನು ಬಿಟ್ಟು. ಅವಳ ಮನೆಯವರು ಹೊರಬೇಕಾಗಿದ್ದ ಹೊಣೆಯನ್ನು ಊರು ಗುಲಾಬಿಯ ತಲೆಗೆ ಕಟ್ಟಿತು. ಈ ಕತೆ ಗಾದೆಗೆ ಸಾಕ್ಷಿ ಹೇಳುವುದಿಲ್ಲ, ಗಾದೆಯನ್ನೇ ಕಟಕಟೆಗೆ ಎಳೆಯುತ್ತದೆ.

ಅದು ಸಿನಿಮಾ, ನಿಜದಲ್ಲಿ ಹಾಗಿಲ್ಲ ಎನ್ನುವವರಿಗಾಗಿ ನಿಜವನ್ನೂ ಹೇಳುತ್ತೇನೆ. 1993ರಲ್ಲಿ ಭಟ್ಕಳದ ಕೋಮುಗಲಭೆ ತಿಂಗಳುಗಟ್ಟಲೆ ನಡೆಯಿತು, ವಿಚಾರಣೆಗೆ ಜಗನ್ನಾಥ ಶೆಟ್ಟಿ ಆಯೋಗ ಕೂತಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಹೊತ್ತಿದ ಬೆಂಕಿ ಕುಮಟಾ, ಶಿರಸಿಗೂ ಹಬ್ಬಿತು. ಪೇಟೆ ಬಂದ್ ಆದ ಒಂದೊಂದು ದಿನವೂ ಮೊದಲು ಬರಿಗೈಯಾದವರು ಅಂದಂದಿನ ದುಡಿಮೆಯವರು: ಬುಟ್ಟಿಯ ಮೀನಿನವಳು, ಮಲ್ಲಿಗೆ ಕಟ್ಟುವವಳು. ಭಟ್ಕಳದ ಮಲ್ಲಿಗೆಯನ್ನು ಬೆಳೆದು ಕಟ್ಟುವ ಮನೆಗಳು ಹೆಚ್ಚಾಗಿ ಒಂದು ಧರ್ಮದವು, ಮುಡಿಯುವ ಮನೆಗಳು ಬಹಳಷ್ಟು ಇನ್ನೊಂದು ಧರ್ಮದವು. ಮೀನಿನದೂ ಅದೇ ಲೆಕ್ಕ. ಹಿತ್ತಲ ಬಾಗಿಲಲ್ಲಿ ಬುಟ್ಟಿ ಇಳಿಸಿ, ಒಂದು ಲೋಟ ನೀರು ಕುಡಿದು, ಸೊಸೆಯ ಬಾಣಂತನ, ಮಗನ ಕುಡಿತ, ಮೊಣಕಾಲು ನೋವು ಎಲ್ಲ ಹೇಳಿಕೊಂಡು ಮುಂದಿನ ಮನೆಗೆ ಹೋಗುವವಳನ್ನು ಯಾವ ಶಾಂತಿಸಭೆಗೂ ಕರೆಯುವುದಿಲ್ಲ. ಶಾಂತಿಸಭೆಯಲ್ಲಿ ಕೂರುವವರು ಎರಡೂ ಕಡೆಯ ಮೀಸೆಯವರು. ಗಲಭೆ ಎಬ್ಬಿಸಿದವರಲ್ಲೂ, ಅದನ್ನು ತಣಿಸಲು ಕೂತವರಲ್ಲೂ ಇಲ್ಲದ ಹೆಂಗಸು, ಗಾದೆಯಲ್ಲಿ ಮಾತ್ರ ಜಗಳಗಂಟಿಯಾಗಿ ಹಾಜರು.

ಇನ್ನು ದುಡ್ಡಿನ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆ ಹೊಡೆಯುತ್ತಿದೆ, ಬೋಟು ದಡದಲ್ಲಿದೆ, ಶಾಲೆ ಶುರುವಾಗಿದೆ. ಒಣಮೀನು ಮಾರಿ ಬಂದಷ್ಟರಲ್ಲಿ ಒಲೆ ಉರಿಯಬೇಕು. ಆ ದಿನಗಳಲ್ಲಿ ಗೆಳತಿಯಿಂದ ಗೆಳತಿಗೆ ದಾಟುವ ಕೈಗಡಕ್ಕೆ ಬಡ್ಡಿಯಿಲ್ಲ, ಕಾಗದವಿಲ್ಲ. ಬೋಟು ಹೋದಮೇಲೆ ಕೊಡುತ್ತೇನೆ ಎಂದರೆ ಆಯಿತು. ಈ ನಂಬಿಕೆಯನ್ನು ಸಮಾಜ ಸೇವಕರು ಗಮನಿಸಲಿಲ್ಲ, ಸಾಲದ ಕಂಪನಿಗಳು ಗಮನಿಸಿದವು. ಗಮನಿಸಿ ಏನು ಮಾಡಿದವು? ಹೆಂಗಸರ ಗುಂಪು ಕಟ್ಟಿ, ಅಡವು ಬೇಡ, ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಕು ಎಂದವು. ಅಂದರೆ ಬಡ ಹೆಂಗಸರ ಸ್ನೇಹವನ್ನೇ ಅಡವಿಟ್ಟುಕೊಂಡವು. ವಾರದ ಕಂತಿನ ದಿನ ಒಬ್ಬಳು ದುಡ್ಡು ತರದಿದ್ದರೆ ಉಳಿದವರು ಕೂಡಿಸಿ ಕೊಡಬೇಕು. ಕೊಡುವವರೆಗೆ ಯಾರೂ ಏಳುವಂತಿಲ್ಲ ಎಂದು ಕೂರಿಸಿದ್ದುಂಟು. ವಸೂಲಿಗೆ ಬಂದವನು ಬಾಯಿ ಬಿಡಬೇಕಾಗಿಲ್ಲ. ನಿನ್ನೆವರೆಗೆ ಜೊತೆಗೆ ಪಾಲು ಹಾಕಿದವಳೇ ಇಂದು ಗೆಳತಿಯ ಅಂಗಳದಲ್ಲಿ ನಿಂತು ಕೂಗುತ್ತಾಳೆ, ಇಲ್ಲವಾದರೆ ಅವಳ ಮನೆಯ ಅಕ್ಕಿಯ ದುಡ್ಡು ಹೋಗುತ್ತದೆ. ಈ ಕೂಗಾಟದ ವಿಡಿಯೊ ಮಾಡಿ ಹಂಚಿದರೆ, ಗಾದೆ ಮತ್ತೊಮ್ಮೆ ನಿಜವಾಗುತ್ತದೆ! ವಸೂಲಿಯ ಕಾಟಕ್ಕೆ ಜನ ಊರು ಬಿಟ್ಟು, ಜೀವ ಕಳೆದುಕೊಂಡ ಮೇಲೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳಿತು. ಅಪರಾಧ ಯಾರದೆಂದು ಕಾನೂನಿಗೆ ತಿಳಿಯಿತು. ಗಾದೆಗೆ ಇನ್ನೂ ತಿಳಿದಿಲ್ಲ.

ಹಾಗಾದರೆ ಅತ್ತೆ ಸೊಸೆಯನ್ನು ಕಾಡುವುದಿಲ್ಲವೇ, ನಾದಿನಿ ಚಾಡಿ ಹೇಳುವುದಿಲ್ಲವೇ? ಕಾಡುತ್ತಾರೆ, ಹೇಳುತ್ತಾರೆ. ಹೆಂಗಸರು ದೇವತೆಯರೆಂದು ನಾನು ವಾದಿಸುತ್ತಿಲ್ಲ, ದೇವತೆ ಮಾಡಿ ಗುಡಿಯಲ್ಲಿ ಕೂರಿಸುವುದು ಇದೇ ಗಾದೆಯ ಇನ್ನೊಂದು ಮಗ್ಗುಲು. ಒಂದು ಮನೆ, ಒಂದೇ ಒಲೆ, ಒಬ್ಬನದೇ ಸಂಪಾದನೆ, ಅದರ ಬೀಗದ ಕೈಗಾಗಿ ಇಬ್ಬರು. ಆ ವ್ಯವಸ್ಥೆ ಮಾಡಿದವನು ಜಗಲಿಯಲ್ಲಿ ಕೂತು 'ಹೆಂಗಸರ ರಗಳೆ' ಎಂದು ಎಲೆಗೆ ಸುಣ್ಣ ಹಚ್ಚುತ್ತಾನೆ. ಇದೇ ಅತ್ತೆ ದುಡಿದ ದುಡ್ಡು ತನ್ನ ಕೈಯಲ್ಲಿದ್ದಾಗ ಮಾರ್ಕೆಟ್ಟಿನಲ್ಲಿ ಹೇಗಿರುತ್ತಾಳೆಂದು ನೋಡಬೇಕು. ಗಂಡಸರ ಲೆಕ್ಕವನ್ನೂ ತೆಗೆಯೋಣ. ಕುರುಕ್ಷೇತ್ರದಲ್ಲಿ ಹದಿನೆಂಟು ಅಕ್ಷೋಹಿಣಿ ಸೇರಿಸಿ ಬಡಿದಾಡಿದವರು ಜಡೆಯವರಲ್ಲ. ಯಾವ ತಾಲ್ಲೂಕಿನ ನ್ಯಾಯಾಲಯಕ್ಕೆ ಹೋದರೂ ಅಣ್ಣತಮ್ಮಂದಿರ ಪಾಲಿನ ದಾವೆಗಳು ಸಿಗುತ್ತವೆ. ಗಡಿಕಲ್ಲು ಒಂದು ಗೇಣು ಸರಿದದ್ದಕ್ಕೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಆದರೂ 'ಗಂಡಿಗೆ ಗಂಡೇ ಶತ್ರು' ಎಂದು ಯಾರೂ ಗಾದೆ ಕಟ್ಟಲಿಲ್ಲ. ಅಲ್ಲಿ ಜಗಳಕ್ಕೆ ಆಸ್ತಿ ಕಾರಣ, ರಾಜಕೀಯ ಕಾರಣ. ಹೆಂಗಸರ ಜಗಳಕ್ಕೆ ಮಾತ್ರ ಹೆಣ್ಣಾಗಿ ಹುಟ್ಟಿದ್ದೇ ಕಾರಣ.

ಈ ಸುಳ್ಳಿಗೆ ದಿನಾ ಸಂಜೆ ಎಣ್ಣೆ ಹೊಯ್ಯುವುದು ಧಾರಾವಾಹಿಗಳು. ರೇಷ್ಮೆ ಸೀರೆಯುಟ್ಟು ಮಲಗುವ, ಹಾಲಿಗೆ ವಿಷ ಬೆರೆಸುವ, ಮೆಟ್ಟಿಲಿಗೆ ಎಣ್ಣೆ ಚೆಲ್ಲುವ ಹೆಂಗಸರು. ಜನ ನೋಡುತ್ತಾರೆ, ನಾವು ಕೊಡುತ್ತೇವೆ ಎನ್ನುವುದು ತಯಾರಕರ ಉತ್ತರ. ಜನ ಬೇರೆ ಏನನ್ನು ನೋಡಿ ಬೇಡವೆಂದರು? ಮೀನಿನ ಬುಟ್ಟಿಗೆ ಬಸ್ಸಿನಲ್ಲಿ ಜಾಗ ಸಿಗದೆ, ಇಬ್ಬರು ಸೇರಿ ಲಗೇಜು ರಿಕ್ಷಾ ಮಾಡಿಕೊಂಡು, ಬಾಡಿಗೆ ಹಂಚಿಕೊಂಡು, ಒಬ್ಬಳ ಗಂಡ ಸತ್ತ ವರ್ಷ ಇನ್ನೊಬ್ಬಳು ಎರಡು ಬುಟ್ಟಿಯನ್ನೂ ಮಾರಿದ ಕತೆಯನ್ನು ಯಾವ ವಾಹಿನಿ ಯಾವಾಗ ತೋರಿಸಿತು? ರಂಗಭೂಮಿಯದೂ ಇದೇ ಪಾಡು. ಯಕ್ಷಗಾನದಲ್ಲಿ ಸಖಿ ಇದ್ದಾಳೆ. ರಾಜಕುಮಾರಿಯ ವಿರಹವನ್ನು ಕೇಳಿಸಿಕೊಳ್ಳುವುದು ಅವಳ ಕೆಲಸ. ಆ ಸಖಿಗೊಬ್ಬಳು ಸಖಿ ಇದ್ದಿರಬೇಕಲ್ಲ, ಅರಮನೆಯ ಹಿಂಬಾಗಿಲಲ್ಲಿ ಇಬ್ಬರೂ ಕೂತು ಉಂಡಿರಬೇಕಲ್ಲ? ಅದಕ್ಕೆ ಪ್ರಸಂಗವಿಲ್ಲ. ಬೀಸುಕಲ್ಲಿನ ಪದಗಳನ್ನು ಕಟ್ಟಿದವರಿಗೆ ಇದು ಗೊತ್ತಿತ್ತು. ಒಂದೇ ಗೂಟ ಹಿಡಿದು ಎದುರುಬದುರು ಕೂತ ಇಬ್ಬರು ಹೆಂಗಸರಿಲ್ಲದೆ ಆ ಹಾಡಿನ ಪರಂಪರೆಯೇ ಇಲ್ಲ. ನಾವು ಬೀಸುವ ಪದ ಬಿಟ್ಟೆವು, ಗಾದೆ ಉಳಿಸಿಕೊಂಡೆವು.

ಎರಡು ಜಡೆ ಕೂಡಿದರೆ ಏನಾಗುತ್ತದೆಂದು ಕಾಸರಕೋಡು ಟೊಂಕ ತೋರಿಸಿದೆ. ಒಣಮೀನು ಹರಡುವ ಮರಳಿನ ಮೇಲೆ ಖಾಸಗಿ ಬಂದರಿನ ರಸ್ತೆ ಬಂದಾಗ, ವರ್ಷಗಟ್ಟಲೆ ನಡೆದ ಹೋರಾಟದ ಮುಂದಿನ ಸಾಲಿನಲ್ಲಿ ನಿಂತವರು ಮೀನುಗಾರ ಹೆಂಗಸರು. ಅಕ್ಕಪಕ್ಕ ಒಣಗಿಸುವವರು ಮಳೆ ಮೋಡ ಕಂಡರೆ ಯಾರ ಮೀನೆಂದು ಕೇಳದೆ ರಾಶಿ ಮಾಡುತ್ತಾರೆ. ಪೊಲೀಸರ ಎದುರಿಗೂ ಹಾಗೆಯೇ ಜೊತೆಯಾಗಿ ನಿಂತರು. ಅವರು ಜಗಳವಾಡುತ್ತಲೇ ಇರಲಿ ಎಂದು ಬಯಸುವವರು ಇದ್ದಾರೆಂದರೆ ಅದಕ್ಕೆ ಕಾರಣವೂ ಇದೆ. ಕೂಡಿದ ಹೆಂಗಸರು ಹರಾಜಿನಲ್ಲಿ ಬೆಲೆ ಕೇಳುತ್ತಾರೆ, ಸಾಲದವನ ಹತ್ತಿರ ಲೆಕ್ಕ ಕೇಳುತ್ತಾರೆ, ಜಮೀನಿಗೆ ಬಂದವನ ಹತ್ತಿರ ಕಾಗದ ಕೇಳುತ್ತಾರೆ.

ಆದ್ದರಿಂದ ಓದುಗರಲ್ಲಿ ಬೇಡಿಕೆ ಇದು. ಮೀನು ಮಾರ್ಕೆಟ್ಟನ್ನು ಬೈಗುಳವಾಗಿ ಬಳಸುವುದನ್ನು ನಿಲ್ಲಿಸಿ. ಆ ಮಾರ್ಕೆಟ್ಟಿಗೆ ಸೋರದ ಮಾಡು, ನೀರು, ಹೆಂಗಸರಿಗೆ ಶೌಚಾಲಯ ಇದೆಯೇ ಎಂದು ನಿಮ್ಮ ಪಟ್ಟಣ ಪಂಚಾಯಿತಿಯನ್ನು, ಪುರಸಭೆಯನ್ನು ಕೇಳಿ. ಒಬ್ಬಳ ಕಂತಿಗೆ ಇನ್ನೊಬ್ಬಳನ್ನು ಕೂರಿಸಿಕೊಂಡರೆ ಅದು ಬಲವಂತದ ವಸೂಲಿ, ದೂರು ಕೊಡಿ. ನಾಟಕ ಬರೆಯುವವರು ಬಂದರಿಗೆ ಒಮ್ಮೆ ಹೋಗಿ ಬನ್ನಿ. ಇನ್ನು ನಿಮ್ಮೆದುರು ಯಾರಾದರೂ 'ಹೆಣ್ಣಿಗೆ ಹೆಣ್ಣೇ ಶತ್ರು' ಎಂದರೆ ನಕ್ಕು ಸುಮ್ಮನಾಗಬೇಡಿ, ಆ ಜಗಳದಿಂದ ಲಾಭ ಯಾರಿಗಾಯಿತೆಂದು ಕೇಳಿ. ಉತ್ತರ ಹೇಳಲು ಅವರಿಗೆ ಕಷ್ಟವಾದರೆ, ಗಾದೆ ಯಾರದೆಂದು ನಿಮಗೆ ತಿಳಿಯಿತು.